ಬೆಂಚಿಗೆ ಹೊಂದದ ಗಾಳಿ ದಿಂಬು: ಮಗನ ಶಾಲೆಗೆಂದು ಕೊಂಡ ಸಾಮಾನುಗಳ ಒಂದು ವರ್ಷದ ಅನುಭವ

ಮೊದಲೇ ಒಂದು ಮಾತು. ಕೂತಲ್ಲಿ ಕೂರಲಾಗದ ಮಕ್ಕಳಿಗೆಂದು ಬರುವ, ಗಾಳಿ ತುಂಬುವ ದುಂಡು ಕುಶನ್ ನೀವು ಆರ್ಡರ್ ಮಾಡುವ ಮುಂಚೆ ನಿಮ್ಮ ಮಗುವಿನ ಕ್ಲಾಸಿಗೆ ಟೇಪು ಹಿಡಿದುಕೊಂಡು ಹೋಗಿ, ಬೆಂಚಿನ ಅಗಲ ಅಳೆದು ಬನ್ನಿ. ನಾನು ಅಳೆಯಲಿಲ್ಲ. ಕುಶನ್ 33 ಸೆಂಟಿಮೀಟರ್, ಅಂದರೆ 13 ಇಂಚು. ನಮ್ಮ ಶಾಲೆಯ ಬೆಂಚು 9 ಇಂಚು. ನಾಲ್ಕು ಇಂಚು ಗಾಳಿಯಲ್ಲಿ ನೇತಾಡುತ್ತಿತ್ತು, ಮೊದಲ ದಿನವೇ ಮಗ ಜಾರಿ ಕೆಳಗೆ ಬಿದ್ದ.

ನಾವಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗನಿಗೆ ಎಂಟು ವರ್ಷ, ಕನ್ನಡ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸು. ಕುಳಿತಲ್ಲಿ ಕುಳಿತಿರುವುದು ಅವನಿಗೆ ಆಗುವುದಿಲ್ಲ. ಬೆಂಚಿನ ಮೇಲೆ ಒಂದು ಕಾಲು ಮಡಚುತ್ತಾನೆ, ಆಮೇಲೆ ಎರಡೂ, ಆಮೇಲೆ ಡೆಸ್ಕಿನ ಮೇಲೆ ಮೈಯೆಲ್ಲ ಚೆಲ್ಲಿ ಮಲಗುತ್ತಾನೆ. ಪೆನ್ಸಿಲ್ ಒತ್ತಿದರೆ ಹಾಳೆ ಹರಿಯಬೇಕು, ಇಲ್ಲದಿದ್ದರೆ ಅಕ್ಷರವೇ ಕಾಣದಷ್ಟು ಹಗುರ. ಅಂಗಿಯ ಗುಂಡಿ ಹಾಕಲು ಐದು ನಿಮಿಷ ಬೇಕು. ಕಾಲರ್ ಕಚ್ಚಿ ಕಚ್ಚಿ ಒದ್ದೆ ಮಾಡಿಕೊಂಡು ಬರುತ್ತಾನೆ. ಜೂನ್ ತಿಂಗಳಲ್ಲಿ ಕ್ಲಾಸಿನ ತಗಡಿನ ಶೀಟಿನ ಮೇಲೆ ಮಳೆ ಬಿದ್ದರೆ ಎರಡೂ ಕಿವಿ ಮುಚ್ಚಿ ಡೆಸ್ಕಿನ ಕೆಳಗೆ ಹೋಗುತ್ತಾನೆ, ಮತ್ತೆ ನಮ್ಮಲ್ಲಿ ಮಳೆ ಅಂದರೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ, ಒಂದೆರಡು ದಿನದ ಕಥೆಯಲ್ಲ. ಎರಡು ವರ್ಷ ಎಲ್ಲರೂ ಹೇಳಿದ್ದು ಒಂದೇ, ಮುದ್ದು ಜಾಸ್ತಿಯಾಗಿದೆ ಅಂತ. ನಾನೂ ಸ್ವಲ್ಪ ನಂಬಿದ್ದೆ. ಒಮ್ಮೆ ಹೊಡೆದಿದ್ದೂ ಉಂಟು. ಅದನ್ನು ಈಗ ನೆನೆಸಿದರೆ ಹೊಟ್ಟೆ ಉರಿಯುತ್ತದೆ.

ಆಮೇಲೆ ಮಂಗಳೂರಿನಲ್ಲಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಆಕ್ಯುಪೇಶನಲ್ ಥೆರಪಿಸ್ಟ್ ಹತ್ತಿರ, ಅಂದರೆ ದಿನನಿತ್ಯದ ಕೆಲಸ ಮಾಡಿಕೊಳ್ಳಲು ತರಬೇತಿ ಕೊಡುವವರ ಹತ್ತಿರ ಕಳಿಸಿದರು. ಡಿಸಿಡಿ ಅಂದರು, ಬಿಡಿಸಿ ಹೇಳುವುದಾದರೆ ಡೆವಲಪ್‌ಮೆಂಟಲ್ ಕೋಆರ್ಡಿನೇಶನ್ ಡಿಸಾರ್ಡರ್, ಮೈಕೈಯ ಚಲನೆ ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳದ ತೊಂದರೆ. ಜೊತೆಗೆ ಶಬ್ದ, ಸ್ಪರ್ಶ ತಡೆದುಕೊಳ್ಳುವುದು ಕಷ್ಟ. ಬುದ್ಧಿಗೆ ಏನೂ ಕೊರತೆ ಇಲ್ಲ. 100 ಮಕ್ಕಳಲ್ಲಿ 5ರಿಂದ 6 ಮಕ್ಕಳಿಗೆ ಡಿಸಿಡಿ ಇರುತ್ತದಂತೆ, ಅಂದರೆ ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಂದೋ ಎರಡೋ ಮಗು. ಇಷ್ಟು ಸಾಮಾನ್ಯವಾದ ಸಂಗತಿಗೆ ನಮ್ಮ ಊರಲ್ಲಿ ಒಂದು ಹೆಸರು ಕೂಡ ಇಲ್ಲ, ಸೋಮಾರಿ, ಒಡ್ಡ, ಹಠಮಾರಿ ಎಂಬ ಹೆಸರುಗಳನ್ನು ಬಿಟ್ಟರೆ.

ಥೆರಪಿಸ್ಟ್ ಹೇಳಿಕೊಟ್ಟದ್ದನ್ನು ನಾನು ಮನೆಯಲ್ಲಿ ಅತ್ತೆಗೆ ಹೀಗೆ ಹೇಳಿದೆ. ಕಣ್ಣು ಮುಚ್ಚಿಕೊಂಡು ಮೂಗಿನ ತುದಿ ಮುಟ್ಟಿ. ಮುಟ್ಟಿದಿರಿ ಅಲ್ವಾ? ಕಣ್ಣು ನೋಡದಿದ್ದರೂ ಕೈ ಎಲ್ಲಿದೆ, ಮೂಗು ಎಲ್ಲಿದೆ ಅಂತ ನಿಮಗೆ ಗೊತ್ತು. ಸ್ನಾಯು ಮತ್ತು ಕೀಲುಗಳು ಆ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಾ ಇರುತ್ತವೆ. ಒಳಕಿವಿಯಲ್ಲಿ ಮೂರು ಅರ್ಧವೃತ್ತದ ಕೊಳವೆಗಳಿವೆ, ತಲೆ ಯಾವ ಕಡೆ ವಾಲಿತು, ತಿರುಗಿತು ಎಂದು ಅವು ಹೇಳುತ್ತವೆ. ಇವನ ಮಿದುಳಿಗೆ ಈ ಸುದ್ದಿ ಸರಿಯಾಗಿ ಜೋಡಣೆ ಆಗುವುದಿಲ್ಲ. ಹಾಗಾಗಿ ತನ್ನ ಮೈ ಎಲ್ಲಿದೆ ಅಂತ ತಿಳಿಯಲು ಅಲ್ಲಾಡುತ್ತಾನೆ, ಒತ್ತುತ್ತಾನೆ, ಕಚ್ಚುತ್ತಾನೆ. ಅತ್ತೆ ಎರಡು ಸಲ ಕಣ್ಣು ಮುಚ್ಚಿ ಮೂಗು ಮುಟ್ಟಿ ನೋಡಿದರು, ಮತ್ತೆ ಅವನನ್ನು ಬೈಯಲಿಲ್ಲ.

ಈಗ ಸಾಮಾನಿನ ವಿಷಯ.

ಕುಶನ್‌ಗೆ 650 ರೂಪಾಯಿ ಕೊಟ್ಟೆ, ಆನ್‌ಲೈನ್. ಕಂಪನಿ ಹೆಸರು ಬೇಡ, ಒಂದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ. ಒಂದು ಬದಿ ನುಣುಪು, ಇನ್ನೊಂದು ಬದಿ ಹಲಸಿನ ಸಿಪ್ಪೆಯ ಹಾಗೆ ಮುಳ್ಳು ಮುಳ್ಳು. ಜೊತೆಗೆ ಚಿಕ್ಕ ಪಂಪು. ಪೊಟ್ಟಣ ಬಿಚ್ಚಿದ ಕೂಡಲೇ ರಬ್ಬರಿನ ವಾಸನೆ ಎಷ್ಟಿತ್ತೆಂದರೆ ಮಗ ಮೂಗು ಮುಚ್ಚಿ ಆಚೆ ಓಡಿದ. ವಾಸನೆ ತಡೆಯದ ಮಗುವಿಗೆಂದೇ ಮಾರುವ ವಸ್ತುವಿಗೆ ಇಂಥ ವಾಸನೆ ಇರಬಾರದು. ಸೋಪು ಹಾಕಿ ತೊಳೆದು, ಒಂದು ವಾರ ಜಗಲಿಯಲ್ಲಿ ಗಾಳಿಗೆ ಇಟ್ಟ ಮೇಲೆ ಹತ್ತಿರ ಬಂದ.

ಇನ್ನೊಂದು ತಪ್ಪು ನನ್ನದೇ. ನಾನು ಗಾಳಿ ಗಟ್ಟಿಯಾಗಿ ತುಂಬಿಸಿದೆ. ಹಾಗೆ ಮಾಡಬಾರದು. ಅರ್ಧ ಮಾತ್ರ ತುಂಬಿಸಬೇಕು, ಮಗು ಕೂತಾಗ ದಿಂಬು ಸ್ವಲ್ಪ ತಗ್ಗಬೇಕು, ಎರಡೂ ಪಾದ ನೆಲಕ್ಕೆ ತಾಗಲೇಬೇಕು. ಪಾದ ತಾಗದಿದ್ದರೆ ಕುಶನ್ ಇದ್ದೂ ಪ್ರಯೋಜನ ಇಲ್ಲ. ಸೊಂಟಕ್ಕೆ ಆಧಾರ ಸಿಗದೆ ಇನ್ನಷ್ಟು ಜಾರುತ್ತಾರೆ.

ಬೆಂಚಿಗೆ ಹೊಂದದ ಮೇಲೆ ಟೀಚರ್ ಬೆಂಚಿನ ಕೊನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಕುರ್ಚಿಯ ಮೇಲೆ ಕುಶನ್ ಸರಿಯಾಗಿ ಕೂತಿತು. ಆದರೆ ಇಡೀ ಕ್ಲಾಸು ಬೆಂಚಲ್ಲಿ, ಇವನೊಬ್ಬ ಕುರ್ಚಿಯಲ್ಲಿ. ಮೂರು ದಿನ ಆದ ಮೇಲೆ ನನಗೆ ಕುರ್ಚಿ ಬೇಡಮ್ಮ ಅಂದ. ನಾನು ಟೀಚರಿಗೆ ಫೋನ್ ಮಾಡಿದೆ. ಅವರು ಮಾಡಿದ್ದು ನನಗೆ ಹೊಳೆಯುತ್ತಲೇ ಇರಲಿಲ್ಲ. ಒಂದು ವಾರ ಕುಶನನ್ನು ಕ್ಲಾಸಿನ ಎಲ್ಲ ಮಕ್ಕಳಿಗೂ ಸರದಿಯ ಮೇಲೆ ಕೊಟ್ಟರು. ಎಲ್ಲರೂ ಕೂತರು, ಅಲ್ಲಾಡಿದರು, ನಕ್ಕರು. ವಾರ ಕಳೆಯುವಾಗ ಯಾರಿಗೂ ಅದು ಬೇಡವಾಯಿತು. ಆಮೇಲೆ ಇವನು ಕೂತರೆ ಯಾರೂ ತಿರುಗಿ ನೋಡಲಿಲ್ಲ.

ಕೆಲಸ ಮಾಡಿತಾ ಅಂದರೆ, ಮಾಡಿತು, ಸ್ವಲ್ಪ. ಒಂದು ದಿನ ಬಾಗಿಲ ಬಳಿ ನಿಂತು ನೋಡಿದೆ, ಅವನಿಗೆ ಗೊತ್ತಿರಲಿಲ್ಲ. ಕನ್ನಡ ಪಾಠ. ಸೊಂಟ ಎಡಕ್ಕೆ ಬಲಕ್ಕೆ ಸಣ್ಣಗೆ ಆಡುತ್ತಾ ಇತ್ತು, ಹೆಬ್ಬೆರಳು ಎರಡೂ ನೆಲ ಒತ್ತುತ್ತಾ ಇದ್ದವು, ಆದರೆ ತಲೆ ನೆಟ್ಟಗೆ, ಕಣ್ಣು ಬೋರ್ಡಿನ ಮೇಲೆ. ನಾಲ್ಕು ಸಾಲು ಬರೆದ. ಡೆಸ್ಕಿನ ಮೇಲೆ ಮಲಗಲಿಲ್ಲ. ನನಗೆ ಅಷ್ಟು ಸಾಕಿತ್ತು, ಅಲ್ಲೇ ಕಣ್ಣು ಒರೆಸಿಕೊಂಡೆ. ಹದಿನೈದು ನಿಮಿಷದ ಮಟ್ಟಿಗೆ ಚೆನ್ನಾಗಿ ಸಹಾಯ ಆಗುತ್ತದೆ. ಊಟದ ನಂತರದ ಗಣಿತಕ್ಕೆ ಏನೂ ಆಗುವುದಿಲ್ಲ, ಆಗ ಅವನಿಗೆ ಎದ್ದು ಓಡಾಡಲೇಬೇಕು. ಸೆಕೆಗಾಲದಲ್ಲಿ ಬೆವರಿ ತೊಡೆಯ ಹಿಂಭಾಗ ಕೆಂಪಾಯಿತು, ಟೈಲರ್ ಹತ್ತಿರ ಹತ್ತಿ ಬಟ್ಟೆಯ ಕವರ್ ಹೊಲಿಸಿದೆ. ಏಳನೇ ತಿಂಗಳಿಗೆ ವಾಲ್ವಿನ ಹತ್ತಿರ ಗಾಳಿ ಸೋರತೊಡಗಿತು.

ಕಿವಿ ಮುಚ್ಚುವ ಇಯರ್‌ಮಫ್ ಮಾತ್ರ ಕಣ್ಣು ಮುಚ್ಚಿ ತೆಗೆದುಕೊಳ್ಳಿ ಅನ್ನುತ್ತೇನೆ. ಸುಮಾರು 25 ಡೆಸಿಬಲ್ ಶಬ್ದ ಕಡಿಮೆ ಮಾಡುವಂಥದ್ದು, ಮಕ್ಕಳ ಸೈಜು, ಹಾಡು ಕೇಳುವ ಹೆಡ್‌ಫೋನ್ ಅಲ್ಲ, ಸುಮ್ನೆ ಶಬ್ದ ತಡೆಯುವುದು ಅಷ್ಟೇ. ಜೂನಿನ ಮೊದಲ ದೊಡ್ಡ ಮಳೆಗೆ ಅವನು ಡೆಸ್ಕಿನ ಕೆಳಗೆ ಹೋಗಲಿಲ್ಲ, ಚೀಲದಿಂದ ತಾನೇ ತೆಗೆದು ಹಾಕಿಕೊಂಡನಂತೆ. ಅಸೆಂಬ್ಲಿಯ ಮೈಕು, ಕಲೋತ್ಸವದ ಗದ್ದಲ, ಊರಿನ ಯಕ್ಷಗಾನ ಆಟದಲ್ಲಿ ಚೆಂಡೆ, ಎಲ್ಲಕ್ಕೂ ಆಯಿತು. ಈ ವರ್ಷ ಮೊದಲ ಬಾರಿ ಯಕ್ಷಗಾನ ಅರ್ಧ ಗಂಟೆ ಕೂತು ನೋಡಿದ. ಕುಂಬಳೆ ಸೀಮೆಯವರು ನಾವು, ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಊರಿನ ಪಕ್ಕದವರು. ಮೊಮ್ಮಗ ಚೆಂಡೆ ಕೇಳಿದರೆ ಅಳುತ್ತಾನೆ ಎಂಬುದು ಅಜ್ಜನಿಗೆ ದೊಡ್ಡ ಬೇಸರವಾಗಿತ್ತು.

ಎರಡು ಎಚ್ಚರಿಕೆ ಉಂಟು. ಹೊಸದರಲ್ಲಿ ತಲೆಗೆ ಬಹಳ ಬಿಗಿ. ರಾತ್ರಿ ನಾಲ್ಕು ದಪ್ಪ ಪುಸ್ತಕಗಳ ಕಟ್ಟಿಗೆ ಸಿಕ್ಕಿಸಿ ಇಟ್ಟೆ, ಒಂದು ವಾರದಲ್ಲಿ ಸಡಿಲಾಯಿತು. ಎರಡನೆಯದು, ಇಡೀ ದಿನ ಹಾಕಿರಲು ಬಿಡಬೇಡಿ. ಟೀಚರ್ ಹೇಳಿದ್ದು ಕೇಳಿಸುವುದಿಲ್ಲ ಎಂಬುದು ಒಂದು. ಯಾವಾಗಲೂ ಮುಚ್ಚಿಕೊಂಡೇ ಇದ್ದರೆ ಸಣ್ಣ ಶಬ್ದವೂ ದೊಡ್ಡದಾಗಿ ಕೇಳಲು ಶುರುವಾಗಬಹುದು ಅಂತಲೂ ಥೆರಪಿಸ್ಟ್ ಹೇಳಿದ್ದಾರೆ. ಗದ್ದಲ ಇದ್ದಾಗ ಹಾಕು, ನಿಂತ ಮೇಲೆ ತೆಗೆ. ಅವನಿಗೆ ಈಗ ಅದು ರೂಢಿಯಾಗಿದೆ.

ಮೈ ಸಮಾಧಾನಕ್ಕೆ ಬರಲಿ ಎಂದು ತೊಡೆಯ ಮೇಲೆ ಇಡುವ ಭಾರದ ಚೀಲ ಅಂಗಡಿಯಲ್ಲಿ 1800 ರೂಪಾಯಿ ಇತ್ತು. ಅಷ್ಟು ಕೊಡಬೇಡಿ. ಮಗುವಿನ ತೂಕದ 5ರಿಂದ 10 ಶೇಕಡಾ ಭಾರ ಸಾಕು ಅನ್ನುತ್ತಾರೆ. ಇವನು 22 ಕಿಲೋ, ನಾನು ಒಂದೂವರೆ ಕಿಲೋ ಮಾಡಿದೆ. ಹಳೆಯ ಜೀನ್ಸ್ ಬಟ್ಟೆ, 12 ಇಂಚು ಉದ್ದ, 8 ಇಂಚು ಅಗಲ, ಒಳಗೆ ಆರು ಮನೆ ಹೊಲಿಗೆ ಹಾಕಬೇಕು, ಇಲ್ಲದಿದ್ದರೆ ಎಲ್ಲ ಒಂದು ಮೂಲೆಗೆ ಹೋಗಿ ಸೇರುತ್ತದೆ. ಮೊದಲು ಹುರುಳಿ ತುಂಬಿಸಿದ್ದೆ. ಆಟಿ ತಿಂಗಳ ಮಳೆಗೆ ಅದು ಬೂಸ್ಟು ಹಿಡಿದು ಹುಳ ಬಂತು. ಆಮೇಲೆ ಹೊಳೆಯ ದಪ್ಪ ಹೊಯ್ಗೆ (ಮರಳು) ತೊಳೆದು, ಒಣಗಿಸಿ, ಗಟ್ಟಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿ ತುಂಬಿಸಿದೆ. ಅದು ಈಗಲೂ ಇದೆ. ಓದುವ ಹೊತ್ತಿಗೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳುತ್ತಾನೆ, ಆಮೇಲೆ ತಾನೇ ಕೆಳಗಿಡುತ್ತಾನೆ.

ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಈ ಎಲ್ಲ ವಿಚಾರದ ಬೇರು ಜೀನ್ ಏಯರ್ಸ್ ಎಂಬ ಅಮೆರಿಕದ ಆಕ್ಯುಪೇಶನಲ್ ಥೆರಪಿಸ್ಟ್ 1970ರ ದಶಕದಲ್ಲಿ ಮುಂದಿಟ್ಟ ಸೆನ್ಸರಿ ಇಂಟಿಗ್ರೇಶನ್, ಅಂದರೆ ಇಂದ್ರಿಯಗಳ ಸುದ್ದಿಯನ್ನು ಮಿದುಳು ಜೋಡಿಸಿಕೊಳ್ಳುವುದು, ಎಂಬ ಸಿದ್ಧಾಂತದಲ್ಲಿದೆ. ಆದರೆ ಇಂಥ ಥೆರಪಿಗೆ ಪುರಾವೆ ಇನ್ನೂ ಕಡಿಮೆ, ಅದನ್ನು ಹೆತ್ತವರಿಗೆ ತಿಳಿಸಿ ಎಂದು ಅಲ್ಲಿಯದೇ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2012ರಲ್ಲಿ ಹೇಳಿದೆ. ಭಾರದ ಜಾಕೆಟ್ಟಿನಂಥವುಗಳ ಬಗ್ಗೆ ಅಂತೂ ಗಟ್ಟಿ ಪುರಾವೆ ಇಲ್ಲ. ಹಾಗಾಗಿ ಇದನ್ನು ಕೊಂಡರೆ ಮಗು ಸರಿಹೋಗುತ್ತದೆ ಎಂದು ಯಾರಾದರೂ ಮಾರುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ. ಎರಡು ವಾರ ಕೊಟ್ಟು ನೋಡಿ, ಮಗುವಿಗೆ ಹಿತ ಅನಿಸಿದರೆ ಇರಲಿ, ಇಲ್ಲದಿದ್ದರೆ ಬಿಡಿ.

ಕಚ್ಚುವ ಸಿಲಿಕೋನ್ ಸರ ನಮಗೆ ಆಗಲಿಲ್ಲ. ಒಂದು ತಿಂಗಳಲ್ಲಿ ತುದಿ ಕಚ್ಚಿ ತುಂಡು ಮಾಡಿ ಬಾಯಲ್ಲಿ ಇಟ್ಟುಕೊಂಡಿದ್ದ. ನುಂಗಿದ್ದರೆ ಏನು ಗತಿ? ಬೇಕೇ ಬೇಕು ಅನ್ನುವವರು ಎಳೆದರೆ ತಾನಾಗಿ ಬಿಚ್ಚುವ ಕೊಂಡಿ ಇರುವುದನ್ನೇ ತೆಗೆದುಕೊಳ್ಳಿ, ದಿನಾ ಸಂಜೆ ಹಲ್ಲಿನ ಗುರುತು ನೋಡಿ. ನಾವು ಅದರ ಬದಲು ಮಧ್ಯಾಹ್ನದ ಬುತ್ತಿಗೆ ಒಣ ತೆಂಗಿನಕಾಯಿ ಹೋಳು, ಕ್ಯಾರೆಟ್ ಹಾಕುತ್ತೇವೆ. ಗಟ್ಟಿ ಜಗಿದ ದಿನ ಕಾಲರ್ ಕಡಿಮೆ ಒದ್ದೆ.

ಇಷ್ಟೆಲ್ಲದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಒಂದು ಪೈಸೆ ಖರ್ಚಿಲ್ಲದ ವಸ್ತು. ಕುರ್ಚಿಯ ಕಾಲುಗಳ ನಡುವೆ ಕಟ್ಟುವ ಎಲಾಸ್ಟಿಕ್ ಬ್ಯಾಂಡ್ ಅಂತ ಬರುತ್ತದೆ, ಮಗು ಪಾದದಿಂದ ಅದನ್ನು ಒತ್ತುತ್ತಾ ಎಳೆಯುತ್ತಾ ಇರುವುದಕ್ಕೆ. 400 ರೂಪಾಯಿಯದ್ದು ಮೂರೇ ವಾರದಲ್ಲಿ ಹರಿಯಿತು, ಅದೂ ಅಲ್ಲದೆ ಬೆಂಚಿನ ಕಾಲುಗಳು ಎಷ್ಟೋ ದೂರ, ಕಟ್ಟಲಿಕ್ಕೇ ಬರುವುದಿಲ್ಲ. ಪೇಟೆಯ ಸೈಕಲ್ ಅಂಗಡಿಯವರು ಹಳೆಯ ಟ್ಯೂಬ್ ಸುಮ್ನೆ ಕೊಟ್ಟರು. ಅದನ್ನು ಉದ್ದಕ್ಕೆ ಸೀಳಿ, ತೊಳೆದು, ಡೆಸ್ಕಿನ ಕೆಳಗಿನ ಎರಡು ಕಾಲಿಗೆ ಅಡ್ಡಲಾಗಿ ಪಾದದ ಎತ್ತರಕ್ಕೆ ಕಟ್ಟಿದೆವು. ಶಬ್ದ ಇಲ್ಲ, ಯಾರಿಗೂ ಕಾಣುವುದಿಲ್ಲ, ಪಕ್ಕದ ಹುಡುಗನೂ ಒಂದು ಕಾಲು ಇಡುತ್ತಾನೆ. ಇವನು ಬರೆಯುವಾಗ ಪಾದ ಆ ಟ್ಯೂಬನ್ನು ಒತ್ತುತ್ತಲೇ ಇರುತ್ತದೆ. ಕುಶನ್ ಹಾಳಾದ ಮೇಲೂ ಅವನು ಕೂತದ್ದು ಈ ಟ್ಯೂಬಿನಿಂದ.

ಇನ್ನು ಥೆರಪಿ ಸೆಂಟರ್. ಹೆಸರು ಹೇಳುವುದಿಲ್ಲ. ವಾರಕ್ಕೆ ಒಂದು ಸಲ, 45 ನಿಮಿಷ, 700 ರೂಪಾಯಿ. ಬದಿಯಡ್ಕದಿಂದ ಬಸ್ಸಿನಲ್ಲಿ ಕಾಸರಗೋಡು, ಅಲ್ಲಿಂದ ರೈಲಿನಲ್ಲಿ ಮಂಗಳೂರು, ಮತ್ತೆ ಆಟೋ. 45 ನಿಮಿಷಕ್ಕೆ ಇಡೀ ದಿನ ಹೋಗುತ್ತದೆ, ಶಾಲೆಯೂ ತಪ್ಪುತ್ತದೆ. ಥೆರಪಿಸ್ಟ್ ಒಳ್ಳೆಯವರು, ತಾಳ್ಮೆ ಉಂಟು, ಉಯ್ಯಾಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿಸಿ ಬೀನ್‌ಬ್ಯಾಗ್ ಎಸೆಯುವ ಆಟ ಮಗನಿಗೆ ಬಹಳ ಇಷ್ಟ. ಆದರೆ ಸೆಂಟರಿನ ಬಗ್ಗೆ ಒಂದು ದೊಡ್ಡ ದೂರು ಉಂಟು. ಶಾಲೆಗೆ ಕೊಡಿ ಅಂತ ಅವರು ಕೊಟ್ಟದ್ದು ಏಳು ಪುಟದ ಇಂಗ್ಲಿಷ್ ರಿಪೋರ್ಟು. ತುಂಬಾ ಸ್ಕೋರು, ತುಂಬಾ ದೊಡ್ಡ ಪದ. ಕನ್ನಡದಲ್ಲಿ ಒಂದು ಪುಟ ಬರೆದುಕೊಡಿ, ಟೀಚರ್ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಷ್ಟು ಮಾತ್ರ, ಎಂದು ಮೂರು ಸಲ ಕೇಳಿದೆ. ಆಗಲಿ ಅಂದರು, ಕೊಡಲಿಲ್ಲ. ಇಂಥ ಮಕ್ಕಳಿಗೆ ನೆರವಾಗಲು ಶಾಲೆಗೆ ಬರುವ ರಿಸೋರ್ಸ್ ಟೀಚರ್ ಒಳ್ಳೆಯ ಹೆಂಗಸು, ಆದರೆ ಅವರದು ಮಲಯಾಳ, ಫಾರ್ಮೂ ಮಲಯಾಳದಲ್ಲಿ. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಥೆರಪಿಯಲ್ಲಿ ಇಂಗ್ಲಿಷ್, ಫಾರ್ಮಿನಲ್ಲಿ ಮಲಯಾಳ. ಎರಡು ಸೂಚನೆ ಒಟ್ಟಿಗೆ ಹೇಳಿದರೆ ತಡವರಿಸುವ ಮಗು ಇಷ್ಟು ಭಾಷೆಯ ನಡುವೆ ಏನು ಮಾಡಬೇಕು ಹೇಳಿ.

ಕೊನೆಗೆ ನಾನೇ ಕೂತು ಕೈಬರಹದಲ್ಲಿ ಒಂದು ಪುಟ ಬರೆದೆ. ಥೆರಪಿಸ್ಟ್ ಹೇಳಿದ್ದು, ಮನೆಯಲ್ಲಿ ಕಂಡದ್ದು ಎಲ್ಲ ಸೇರಿಸಿ. ಅವನು ನಿಂತು ಬರೆದರೆ ದಯವಿಟ್ಟು ಬಿಡಿ. ಗಣಿತಕ್ಕೆ ಮೊದಲು ಪುಸ್ತಕದ ಕಟ್ಟು ಸ್ಟಾಫ್‌ರೂಮಿಗೆ ಒಯ್ಯುವ ಕೆಲಸ ಅವನಿಗೇ ಕೊಡಿ, ಭಾರ ಹೊತ್ತರೆ ಅವನ ಮೈ ಸಮಾಧಾನಕ್ಕೆ ಬರುತ್ತದೆ. ಹಿಂದಿನಿಂದ ಮುಟ್ಟಬೇಡಿ, ಬೆಚ್ಚಿ ಬೀಳುತ್ತಾನೆ, ಎದುರಿಗೆ ಬಂದು ಹೆಗಲ ಮೇಲೆ ಗಟ್ಟಿಯಾಗಿ ಕೈ ಇಡಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬೋರ್ಡಿನಿಂದ ಹತ್ತು ಸಾಲು ಬರೆಸುವಲ್ಲಿ ಐದು ಸಾಲು ಸಾಕು, ಉಳಿದದ್ದು ಬಾಯಲ್ಲಿ ಕೇಳಿ, ಅವನಿಗೆ ಗೊತ್ತಿರುತ್ತದೆ. ಸಾಲಿನಲ್ಲಿ ನಿಲ್ಲಿಸುವಾಗ ಕೊನೆಯಲ್ಲಿ ನಿಲ್ಲಿಸಿ, ನಡುವೆ ನಿಂತರೆ ಎರಡೂ ಕಡೆಯಿಂದ ತಾಗುವ ಮೈಗಳು ಅವನಿಗೆ ತಡೆಯುವುದಿಲ್ಲ.

ಟೀಚರ್ ಆ ಹಾಳೆಯನ್ನು ಹಾಜರಿ ಪುಸ್ತಕದ ರಟ್ಟಿನ ಒಳಗೆ ಅಂಟಿಸಿದ್ದಾರೆ. ಅವರು ರಜೆಯಲ್ಲಿದ್ದ ದಿನ ಬಂದ ಬೇರೆ ಮೇಷ್ಟ್ರು ಕೂಡ ಅದನ್ನು ಓದಿ ಇವನಿಗೆ ಪುಸ್ತಕದ ಕಟ್ಟು ಕೊಟ್ಟರಂತೆ. ಏಳು ಪುಟದ ರಿಪೋರ್ಟು ಬೀರಿನಲ್ಲೇ ಇದೆ.

ಇನ್ನು ಕಾನೂನಿನ ವಿಷಯ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಶಾಲೆ ಮಾಡಿಕೊಡಬೇಕು. ಆ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಪಟ್ಟಿ ಮಾಡಿದ್ದಾರೆ, ಆಟಿಸಂ, ಕಲಿಕೆಯ ನ್ಯೂನತೆ, ಸೆರೆಬ್ರಲ್ ಪಾಲ್ಸಿ ಎಲ್ಲ ಇವೆ. ಡಿಸಿಡಿ ಎಂಬ ಹೆಸರು ಅದರಲ್ಲಿ ಇಲ್ಲ. ಹಾಗಾಗಿ ನಮ್ಮ ಹತ್ತಿರ ಅಂಗವೈಕಲ್ಯದ ಸರ್ಟಿಫಿಕೇಟು ಇಲ್ಲ. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನೊಂದ ಮಕ್ಕಳ ಮನೆಗಳು ನಮ್ಮ ಸುತ್ತ ಎಷ್ಟೋ ಇವೆ, ಅವರ ಕಷ್ಟದ ಮುಂದೆ ನಮ್ಮದನ್ನು ಹೇಳಲು ಬಾಯಿ ಬರುವುದಿಲ್ಲ ಎಂಬುದೂ ನಿಜ. ಆದರೆ ಪಟ್ಟಿಯಲ್ಲಿ ಇಲ್ಲದ ಮಗುವಿಗೂ ಪಾದ ಇಡಲು ಒಂದು ಟ್ಯೂಬು ಬೇಕಾಗುತ್ತದೆ. ನಿಮ್ಮ ಮಗುವಿನದು ಪಟ್ಟಿಯಲ್ಲಿದ್ದರೆ ಸರ್ಟಿಫಿಕೇಟು ಮಾಡಿಸಿ, ನಾಚಿಕೆ ಮಾಡಬೇಡಿ, ಪರೀಕ್ಷೆಯ ಹೊತ್ತಿಗೆ ಬೇಕಾಗುತ್ತದೆ.

ಥೆರಪಿಯನ್ನು ಈಗ ತಿಂಗಳಿಗೆ ಒಂದು ಸಲಕ್ಕೆ ಇಳಿಸಿದ್ದೇವೆ, ಥೆರಪಿಸ್ಟ್ ಒಪ್ಪಿಯೇ. ಉಳಿದ ದಿನ ಮನೆಯಲ್ಲಿ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಬಾವಿಯಿಂದ ಅಪ್ಪನ ಜೊತೆ ನಾಲ್ಕು ಕೊಡ ನೀರು ಸೇದುತ್ತಾನೆ, ಹಗ್ಗ ಎಳೆಯುವುದು ಅವನ ಕೆಲಸ. ಸಂಜೆ ಅಂಗಳದಲ್ಲಿ ಅಡಿಕೆ ಹೆಕ್ಕಿ ಚಿಕ್ಕ ಬುಟ್ಟಿ ಹೊರುತ್ತಾನೆ. ನೀರು ಸೇದದೆ ಹೋದ ದಿನ ಮೊದಲ ಪೀರಿಯಡ್ಡಿನಲ್ಲೇ ಗೊತ್ತಾಗುತ್ತದೆ ಅಂತ ಟೀಚರ್ ಹೇಳುತ್ತಾರೆ.

ಕುಶನ್ ಇನ್ನೊಂದು ತೆಗೆದುಕೊಳ್ಳುತ್ತೇನಾ? ತೆಗೆದುಕೊಳ್ಳುತ್ತೇನೆ, ಆದರೆ ಚಿಕ್ಕದು, 25 ಸೆಂಟಿಮೀಟರಿನದ್ದು ಬರುತ್ತದೆ. ಜೂನಿಗೆ ನಾಲ್ಕನೇ ಕ್ಲಾಸು, ರೂಮು ಬೇರೆ, ಬೆಂಚು ಬೇರೆ. ಮೊನ್ನೆ ಹೋಗಿ ಅಳೆದು ಬಂದೆ. 10 ಇಂಚು ಉಂಟು.